ಅಂಗೈ ನೋಡುವ ಹುಡುಗಿ

ಸ್ಟುಟ್‌ಗಾರ್ಟಿನ ಆ ಮನೆಯ ಬೀಗ ತೆಗೆದು ಒಳಗೆ ಹೋದಾಗ ಅಡುಗೆಮನೆಯಲ್ಲಿ ಏನೆಂದರೆ ಏನೂ ಇರಲಿಲ್ಲ. ಗೋಡೆಯಿಂದ ಎರಡು ಪೈಪುಗಳು ಇಣುಕುತ್ತಿದ್ದವು, ಅಷ್ಟೇ. ಒಲೆ, ಸಿಂಕು, ಕಪಾಟು ಎಲ್ಲವನ್ನೂ ಹಿಂದಿನ ಬಾಡಿಗೆದಾರರು ಬಿಚ್ಚಿಕೊಂಡು ಹೋಗಿದ್ದರು. ಈ ದೇಶದಲ್ಲಿ ಅದೇ ರೂಢಿ ಎಂದು ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಜರ್ಮನಿಯವರು ಹೊರದೇಶದ ಕಂಪ್ಯೂಟರ್ ಇಂಜಿನಿಯರುಗಳನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಯುತ್ತಿದ್ದ ವರ್ಷಗಳವು. ಹುಬ್ಬಳ್ಳಿಯ ಅಪ್ಪ ಬೆಂಗಳೂರಿನ ಕೆಲಸ ಬಿಟ್ಟು, ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯಲು ಬಂದಿದ್ದ. ಹೆಸರಿಗೆ ಗ್ರೀನ್ ಕಾರ್ಡ್. ಇದ್ದದ್ದು ಐದು ವರ್ಷದ ಪರವಾನಗಿ. ಹುಬ್ಬಳ್ಳಿಯ ಸಾಲಿಯಲ್ಲಿ ಗಣಿತ ಕಲಿಸುತ್ತಿದ್ದ ಅವ್ವ ಆ ಪೈಪುಗಳನ್ನು ನೋಡಿ ಸೂಟ್‌ಕೇಸಿನ ಮೇಲೆ ಕುಳಿತುಬಿಟ್ಟಳು.

"ಒಲಿ ಇಲ್ಲದ ಮನಿ ಬಾಡಿಗಿಗೆ ಕೊಡ್ತಾರ? ನಾಳೆ ಬಾಗಿಲ ಇಲ್ಲದ ಮನಿನೂ ಕೊಡ್ತಾರ ನೋಡ್ರಿ ಇವ್ರು."

ಐದು ವರ್ಷದ ನನಗೆ ಮಾತ್ರ ಆ ಬರಿ ಕೋಣೆ ಬಹಳ ಹಿಡಿಸಿತ್ತು. ಕೆಲವು ವಾರಗಳ ಮೇಲೆ ಸೆಕೆಂಡ್ ಹ್ಯಾಂಡ್ ಒಲೆ, ಕಪಾಟುಗಳು ಬಂದ ದಿನ ನಾನು ಗಟ್ಟಿಯಾಗಿ ಅತ್ತೆ. ಮಗಳು ಖುಷಿಗೆ ಅಳುತ್ತಿದ್ದಾಳೆ ಎಂದು ಅಪ್ಪ ಊರಿಗೆ ಫೋನ್ ಮಾಡಿ ಹೇಳಿದ. ಅದು ತಪ್ಪು. ಖಾಲಿ ಕೋಣೆ ಹೋಯಿತಲ್ಲ ಎಂದು ನಾನು ಅತ್ತದ್ದು. ಇಷ್ಟು ವರ್ಷದ ಮೇಲಾದರೂ ಅದನ್ನು ತಿದ್ದಬೇಕು, ಅದಕ್ಕೇ ಮೊದಲು ಅದನ್ನೇ ಬರೆದಿದ್ದೇನೆ.

ನಮ್ಮದು ಗುಡ್ಡದ ಓರೆಯಲ್ಲಿ ನಿಂತ ಹಳೆಯ ಕಟ್ಟಡದ ಮೂರನೆಯ ಮಹಡಿ. ಲಿಫ್ಟ್ ಇರಲಿಲ್ಲ. ಆ ಊರಿನ ಕಡೆ ಕೇರ್‌ವೋಖೆ ಎಂಬ ಪದ್ಧತಿಯಿದೆ: ವಾರಕ್ಕೊಂದು ಮನೆಯವರು ಸರದಿಯ ಮೇಲೆ ಮೆಟ್ಟಿಲು ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಹಲಗೆ ತೂಗುಹಾಕಿರುತ್ತಾರೆ. ಅವ್ವನಿಗೆ ಅದು ತಲೆನೋವು, ನನಗೆ ಹಬ್ಬ. ಮುಂದೆ ಏನಾಗಲಿದೆ ಎಂಬುದನ್ನು ಹಲಗೆಯ ಮೇಲೆ ಬರೆದು ಬಾಗಿಲಿಗೆ ನೇತುಹಾಕುವ ಜನ ಇದ್ದಾರೆಂದ ಮೇಲೆ ಸರಿಯಾದ ದೇಶಕ್ಕೇ ಬಂದಿದ್ದೇವೆ ಎಂದು ನನಗೆ ಖಾತ್ರಿಯಾಗಿತ್ತು. ಹಲಗೆ ಒಂದು ದಿನ ತಡವಾದರೂ ಅದನ್ನು ನಮಗೆ ದಾಟಿಸಬೇಕಿದ್ದ ಮೇಲಿನ ಮನೆಯವರ ಬಾಗಿಲು ಬಡಿದು ಯಾಕೆ ಎಂದು ಕೇಳುತ್ತಿದ್ದೆ. ಕೆಳಗಿನ ಮನೆಯಲ್ಲಿ ಫ್ರಾವ್ ಐಸೆಲೆ ಎಂಬ ವಯಸ್ಸಾದ ಹೆಂಗಸು ಒಬ್ಬರೇ ಇದ್ದರು. ಅವರು ಒಂದು ದಿನ ಅವ್ವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಈ ಇಡೀ ಕಟ್ಟಡದಲ್ಲಿ ಶಿಸ್ತು ಇರುವುದು ನಿಮ್ಮ ಮಗಳಿಗೊಬ್ಬಳಿಗೆ ಎಂದರಂತೆ. ಅವ್ವ ಅದನ್ನು ಊರಿನಿಂದ ಬಂದ ಪ್ರತಿ ಫೋನಿನಲ್ಲೂ ಹೇಳಿದಳು.

ಮರುವರ್ಷ ಅಪ್ಪನ ತಾಯಿ, ನಮ್ಮ ಆಯಿ, ವಿಸಿಟರ್ ವೀಸಾದ ಮೇಲೆ ಮೂರು ತಿಂಗಳಿಗೆ ಬಂದಳು. ಬರುವಾಗ ಜೋಳದ ಹಿಟ್ಟು, ಶೇಂಗಾ ಚಟ್ನಿ, ವಿಭೂತಿ ಗಟ್ಟಿ ತಂದಳು. ಆಯಿಯ ರೊಟ್ಟಿ ಎಂದರೆ ಕೈಯಲ್ಲಿ ಬಡಿದ ರೊಟ್ಟಿ. ಅಡುಗೆಮನೆಯ ಕಟ್ಟೆಯೆಲ್ಲ ದಡದಡ ಅನ್ನುತ್ತಿತ್ತು. ವ್ಯಾಕ್ಯೂಮ್ ಕ್ಲೀನರ್ ಹಾಕಿದರೆ ನಾನು ಕಿವಿ ಮುಚ್ಚಿಕೊಂಡು ಬಾತ್‌ರೂಮಿಗೆ ಓಡುತ್ತಿದ್ದೆ. ಅಂಗಡಿಗಳ ಟಾಯ್ಲೆಟ್ಟಿನ ಕೈ ಒಣಗಿಸುವ ಮಶೀನಿಗೆ ಹೆದರಿ ಗಂಟೆಗಟ್ಟಲೆ ಮೂತ್ರ ತಡೆದುಕೊಳ್ಳುತ್ತಿದ್ದೆ. ಆದರೆ ರೊಟ್ಟಿ ಬಡಿಯುವಾಗ ಕಟ್ಟೆಗೆ ಕೆನ್ನೆ ಆನಿಸಿ ನಿಲ್ಲುತ್ತಿದ್ದೆ. ಮುಂದಿನ ಏಟು ಯಾವಾಗ ಬೀಳುತ್ತದೆ ಎಂದು ಗೊತ್ತಾಗುವ ಸದ್ದು ಸದ್ದೇ ಅಲ್ಲ ಎಂಬುದು ಈಗಲೂ ನನ್ನ ಅಭಿಪ್ರಾಯ. ತೊಂದರೆ ಬಂದದ್ದು ಭಾನುವಾರ. ಅಲ್ಲಿ ಭಾನುವಾರ ಯಾರೂ ಸದ್ದು ಮಾಡುವಂತಿಲ್ಲ. ರೂಲ್ ಎಂದರೆ ರೂಲ್; ನಾನು ಆಯಿಯ ಕೈ ಹಿಡಿದೆ.

"ಆಯಿ, ಸಂಡೇ ಬಡಿಯಂಗಿಲ್ಲ. ರೂಲ್ ಐತಿ."

"ಹೊಟ್ಟಿಗೆ ಸಂಡೇ ಇರಂಗಿಲ್ಲವ್ವಾ. ಕೈ ಬಿಡು."

ಐದು ನಿಮಿಷದಲ್ಲಿ ಫ್ರಾವ್ ಐಸೆಲೆ ಬಾಗಿಲಲ್ಲಿ ನಿಂತಿದ್ದರು. ಗೋಡೆ ಒಡೆಯುತ್ತಿದ್ದೀರಾ ಎಂದು ಕೇಳಿದರು. ನಾನು ಅವರ ಪಕ್ಕದಲ್ಲೇ ಹೋಗಿ ನಿಂತುಕೊಂಡೆ. ಅಂದಿನಿಂದ ರೊಟ್ಟಿ ಶನಿವಾರದ ಬೆಳಗಿಗೆ ಹೋಯಿತು. ಈ ಹುಡುಗಿ ನಮ್ಮ ವಂಶಕ್ಕೇ ಫಿತೂರಿ ಎಂದು ಆಯಿ ವಾರವಿಡೀ ಗೊಣಗಿದಳು.

ಆದರೆ ಬೆಳಗಿನ ಹೊತ್ತು ನಾವಿಬ್ಬರೂ ಒಂದೇ ಪಕ್ಷ. ನಾವು ಲಿಂಗಾಯತರು. ಆಯಿ ಜಳಕ ಮುಗಿಸಿ ಹಾಲ್‌ನಲ್ಲಿ ಚಾಪೆ ಹಾಸಿ ಕೂರುತ್ತಿದ್ದಳು. ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ನೀರು, ವಿಭೂತಿ ಮುಗಿದ ಮೇಲೆ ಅದನ್ನೇ ನೋಡುತ್ತ ಕೂತರೆ ಚಹಾ ಆರಿ ತಣ್ಣಗಾದರೂ ಏಳುತ್ತಿರಲಿಲ್ಲ. ನಾನು ಹುಟ್ಟಿದಾಗ ಕಟ್ಟಿಸಿದ್ದ ಲಿಂಗ ದೇವರ ಗೂಡಿನಲ್ಲಿತ್ತು. ಆಯಿ ಅದನ್ನು ತೆಗೆದು, ಶಿವದಾರ ಹಾಕಿ, ನನ್ನನ್ನೂ ಪಕ್ಕದಲ್ಲಿ ಕೂರಿಸಿದಳು.

"ರೆಪ್ಪಿ ಬಡೀಬ್ಯಾಡ. ಸುಮ್ನ ನೋಡ್ಕೋತ ಕುಂಡ್ರು. ಉಳಿದದ್ದೆಲ್ಲಾ ತಾನ ದೂರ ಸರೀತೈತಿ."

ಸರಿಯಿತು. ಬೀದಿಯ ಸದ್ದು, ಫ್ರಿಜ್ಜಿನ ಗುಂಯ್ ಅನ್ನುವ ದನಿ, ಅಪ್ಪ ಶೂ ಹುಡುಕುವ ಗಲಾಟೆ, ಎಲ್ಲ ದೂರ ಹೋಗಿ ನನ್ನ ಅಂಗೈ ಮತ್ತು ಅದರಲ್ಲಿನ ಕಪ್ಪು ಹೊಳಪು ಮಾತ್ರ ಉಳಿಯಿತು. ಊರಿನಲ್ಲಿ ಆಯಿಯ ಉಳಿದ ಮೊಮ್ಮಕ್ಕಳು ಎರಡು ನಿಮಿಷವೂ ಕೂರುತ್ತಿರಲಿಲ್ಲ. ನಾನು ಆಯಿ ಎದ್ದ ಮೇಲೂ ಕೂತಿರುತ್ತಿದ್ದೆ. ನಮ್ಮ ಗಂಗವ್ವ ಹಿಂದಿನ ಜನ್ಮದಾಗ ಶರಣಿ ಆಗಿದ್ಲು ಎಂದು ನನ್ನ ಹೆಸರು ಹಿಡಿದು ಆಯಿ ಹುಬ್ಬಳ್ಳಿಗೆಲ್ಲ ಫೋನಿನಲ್ಲಿ ಸಾರಿದಳು. ನಾನು ಶರಣೆಯೂ ಅಲ್ಲ, ಮಣ್ಣೂ ಅಲ್ಲ. ಯಾರ ಮುಖವನ್ನೂ ನೋಡಬೇಡ, ಯಾರೊಡನೆಯೂ ಮಾತಾಡಬೇಡ, ಒಂದೇ ಕಡೆ ನೋಡುತ್ತ ಕೂತಿರು ಎಂದು ದೊಡ್ಡವರು ತಾವಾಗಿ ಹೇಳಿದ ಒಂದೇ ಒಂದು ಕೆಲಸ ಅದು. ಅದನ್ನು ನಾನು ಚೆನ್ನಾಗಿ ಮಾಡಿದೆ, ಅಷ್ಟೇ. ಹೊಗಳಿಕೆ ಮಾತ್ರ ಬಹಳ ರುಚಿಸಿತು.

ಹೊಗಳುವವರು ಎಲ್ಲ ಕಡೆ ಇರಲಿಲ್ಲ. ಕನ್ನಡದವರು ಒಂದು ಹಾಲ್ ಬಾಡಿಗೆಗೆ ಹಿಡಿದು ಯುಗಾದಿ ಮಾಡಿದಾಗ ನಾನು ಕೋಟುಗಳನ್ನು ತೂಗುಹಾಕಿದ್ದ ಸ್ಟ್ಯಾಂಡಿನ ಕೆಳಗೆ ಹೊಕ್ಕು ಮಲಗಿದೆ. ಮೈಕಿನ ಕಿರುಚಾಟ, ಮಕ್ಕಳ ಗದ್ದಲ, ಪುಳಿಯೋಗರೆಯ ಜೊತೆ ಪರ್ಫ್ಯೂಮಿನ ವಾಸನೆ. ಉಣ್ಣೆಯ ಕೋಟುಗಳ ಒಳಗೆ ಕತ್ತಲೆ ಹಿತವಾಗಿತ್ತು. ಬೆಂಗಳೂರಿನ ಆಂಟಿಯೊಬ್ಬರು ಬಗ್ಗಿ ನೋಡಿ ಮೂರು ಸಲ ನನ್ನ ಹೆಸರು ಕೇಳಿದರು. ನಾನು ಅವರ ಬಳೆ ನೋಡುತ್ತಿದ್ದೆ, ಉತ್ತರ ಕೊಡಲಿಲ್ಲ. ಅವರು ಎದ್ದು ಅವ್ವನ ಹತ್ತಿರ ಹೋದರು.

"ತಪ್ಪು ತಿಳ್ಕೋಬೇಡಿ, ಮಗು ಸ್ವಲ್ಪ ವಿಚಿತ್ರ ಅಲ್ವಾ? ನಮ್ಮ ಕಸಿನ್ ಮಗನೂ ಹಿಂಗೇ ಇದ್ದ. ಆಟಿಸಂ ಅಂದ್ರು. ಒಂದ್ಸಲ ತೋರ್ಸಿಬಿಡಿ."

"ನಾಚಿಕಿ ಅಷ್ಟರೀ," ಎಂದಳು ಅವ್ವ. ನನಗೆ ಬಹಳ ಆಶ್ಚರ್ಯವಾಯಿತು. ನನಗೆ ನಾಚಿಕೆ ಎಂದರೇನೆಂದೇ ಗೊತ್ತಿರಲಿಲ್ಲ, ಅದು ಅವ್ವನಿಗೂ ಗೊತ್ತಿತ್ತು. ಮನೆಗೆ ಬರುವಾಗ ಸ್ಟಾಟ್‌ಬಾನ್ ಎಂಬ ಊರೊಳಗಿನ ರೈಲಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಆ ಮಾತು ಎರಡನೆಯ ಸಲ ಬಂದದ್ದು ಕಿಂಡರ್‌ಗಾರ್ಟನ್‌ನಿಂದ. ಅಲ್ಲಿ ಮಕ್ಕಳ ಕೊರಳಲ್ಲಿ ದಾರ ಇರಕೂಡದು. ಆಟದ ಕಂಬಕ್ಕೆ ಸಿಕ್ಕಿ ಉರುಳಾದೀತು ಎಂಬ ಭಯ. ಹಾಗಾಗಿ ಲಿಂಗ ಮನೆಯಲ್ಲೇ ಉಳಿಯುತ್ತಿತ್ತು. ಆದರೆ ಗದ್ದಲ ಮನೆಯಲ್ಲಿ ಉಳಿಯುತ್ತದೆಯೇ? ಎಲ್ಲರೂ ವೃತ್ತಾಕಾರವಾಗಿ ಕೂತು ಚಪ್ಪಾಳೆ ತಟ್ಟಿ ಹಾಡುವ ಹೊತ್ತಿಗೆ ನಾನು ಮೂಲೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಖಾಲಿ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ನೋಡುತ್ತಿದ್ದೆ. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದಿದ್ದರೂ ಕೆಲಸ ಆಗುತ್ತಿತ್ತು. ಹೆಸರು ಕೂಗಿದರೆ ಕೇಳುತ್ತಿರಲಿಲ್ಲ, ಭುಜ ಮುಟ್ಟಿದರೆ ಚೀರುತ್ತಿದ್ದೆ. ಒಂದು ದಿನ ಟೀಚರ್ ಅವ್ವನನ್ನು ಕೂರಿಸಿಕೊಂಡು ಮೆಲ್ಲಗೆ, ಬಹಳ ಮರ್ಯಾದೆಯಿಂದಲೇ ಹೇಳಿದರು: ಇದು ಆಟಿಸಂ ಇರಬಹುದು, ಮಕ್ಕಳ ಡಾಕ್ಟರು ನೋಡಲಿ, ಬೇಸಗೆ ಕಳೆದು ಇವಳು ಎಲ್ಲರ ಸಾಲಿಗೆ ಹೋಗಬೇಕೋ, ಬೇರೆ ಮಕ್ಕಳ ವಿಶೇಷ ಸಾಲಿಗೋ ಎಂಬುದು ಆಮೇಲೆ ತೀರ್ಮಾನವಾಗುತ್ತದೆ.

ಆ ಸಂಜೆ ಅಡುಗೆಮನೆಯ ಟೇಬಲ್ಲಿನ ಸುತ್ತ ನಡೆದ ಜಗಳ ನನಗೆ ಅಕ್ಷರಶಃ ನೆನಪಿದೆ. ನಾನು ಅಲ್ಲೇ ಅನ್ನ ಒಂದು ಕಡೆ, ಸಾರು ಒಂದು ಕಡೆ ಇಟ್ಟುಕೊಂಡು ಉಣ್ಣುತ್ತಿದ್ದೆ. ಮುಖ ನೋಡದ ಮಕ್ಕಳಿಗೆ ಕಿವಿಯೂ ಇರುವುದಿಲ್ಲ ಎಂದು ದೊಡ್ಡವರು ತಿಳಿಯುತ್ತಾರೆ. ಮೊದಲು ಸಿಡಿದವಳು ಆಯಿ.

"ಶಿವಪೂಜಿಗೆ ರೋಗ ಅಂತಾರ? ಅವರ ಬಾಯಾಗ ಮಣ್ಣ ಬೀಳಲಿ!"

ಅಪ್ಪನಿಗೆ ಅಲ್ಲಿಯೇ ದಾರಿ ಕಂಡಿತು.

"ಆಯಿ ಹೇಳೂದು ಬರೋಬ್ಬರಿ ಐತಿ. ಡಾಕ್ಟರಿಗೆ ಇದು ನಮ್ಮ ಪೂಜಿ, ನಮ್ಮ ಕಲ್ಚರ್ ಅಂದ್ಬಿಡೂನು. ಕಲ್ಚರ್ ಅಂದ್ರ ಇಲ್ಲಿ ಮಂದಿ ಮತ್ತ ಎದುರು ಮಾತಾಡಂಗಿಲ್ಲ, ಅಂಜತಾರ. ಮುಗೀತು."

"ಕೈ ನೋಡೂದು ಪೂಜಿ, ಒಪ್ಪಿದೆ," ಎಂದಳು ಅವ್ವ. "ಕೂದಲ ಕತ್ತರಸಾಕ ಹೋದ್ರ ಒದರತಾಳ, ಅದ್ಯಾವ ಪೂಜಿ? ಅನ್ನಕ್ಕ ಸಾರು ತಾಗಿದ್ರ ಊಟಾನ ಬಿಡ್ತಾಳ, ಅದ್ಯಾವ ವ್ರತಾ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಿ?"

"ಹಂಗಾರ ಏನ್ ಮಾಡೂನು? ಹುಚ್ಚರ ಸಾಲಿಗೆ ಕಳಸೂನೇನು?"

ಅಪ್ಪ ತಾನಾಡಿದ ಮಾತಿಗೆ ತಾನೇ ಬೆಚ್ಚಿ ಎರಡೂ ಕೈಗಳಿಂದ ಮುಖ ಉಜ್ಜಿಕೊಂಡ. ಅಪ್ಪ ಕೆಟ್ಟವನಲ್ಲ, ಹೆದರಿದವನು. ಆಫೀಸಿನಲ್ಲಿ ಇಂಗ್ಲಿಷ್ ಸಾಕಿತ್ತು, ಜರ್ಮನ್ ಅವನಿಗೆ ಬರುತ್ತಿರಲಿಲ್ಲ. ಎಲ್ಲೆಲ್ಲೂ ತಲೆ ಬಗ್ಗಿಸಿ, ಯಾರ ಕಣ್ಣಿಗೂ ಬೀಳದೆ ಐದು ವರ್ಷ ದಾಟಿಸಬೇಕು ಎಂಬುದೇ ಅವನ ಲೆಕ್ಕಾಚಾರ. ಮಗಳ ಹೆಸರಿನ ಮುಂದೆ ಒಂದು ಮಾತು ಅಂಟಿದರೆ ಅದು ಊರಿಗೆ ಮರಳಿದ ಮೇಲೂ ಬಿಡುವುದಿಲ್ಲ ಎಂಬುದು ಅವನ ಚಿಂತೆ. ಅವ್ವ ತಟ್ಟೆ ಸರಿಸಿದಳು.

"ಪೂಜಿ ಅಂತ ಹೇಳಿದ್ರ ಎಲ್ಲಾರ ಸಾಲಿಗೆ ಹೊಕ್ಕಾಳ, ಖರೆ. ಹೊಕ್ಕು ಏನ್ ಮಾಡ್ತಾಳ? ಗದ್ದಲದಾಗ ಕಿವಿ ಮುಚಗೊಂಡು ಕುಂತ್ರ ಯಾರ್ ಕೇಳ್ತಾರ? ಪೂಜಿ ಮಾಡಾಕತ್ಯಾಳ ಬಿಡು ಅಂತ ಸುಮ್ನ ಇರ್ತಾರ. ದೇವರ ಹಿಂದ ಮಗಳನ್ನ ಮುಚ್ಚಿಡಾಕ ನನಗ ಆಗಂಗಿಲ್ರಿ."

ಜಗಳ ಮುಗಿಯಲಿಲ್ಲ, ನಿಂತಿತು. ಅಪ್ಪ ಬೇರೆ ದಾರಿ ಹಿಡಿದ. ತಾನು ಈ ನೌಕರಿಗೆ ಬರುವ ಮುಂಚೆ ಬೆಂಗಳೂರಿನಲ್ಲಿ ಇಂಟರ್‌ವ್ಯೂ ಕೋಚಿಂಗ್ ಪಡೆದು ಗೆದ್ದವನಲ್ಲವೇ? ಡಾಕ್ಟರ ಭೇಟಿಯೂ ಒಂದು ಇಂಟರ್‌ವ್ಯೂ ಎಂದುಕೊಂಡ. ಪ್ರತಿ ಸಂಜೆ ಸೋಫಾದ ಮೇಲೆ ತಾನು ಡಾಕ್ಟರಾಗಿ ಕೂತು ನನ್ನನ್ನು ಬಾಗಿಲಿನಿಂದ ಒಳಗೆ ಬರಿಸುತ್ತಿದ್ದ.

"ಹ್ಯಾಂಡ್‌ಶೇಕ್ ಮಾಡು. ಗುಟೆನ್ ಟಾಗ್ ಅನ್ನು. ಆಮ್ಯಾಲ ಕಣ್ಣಾಗ ಕಣ್ಣಿಟ್ಟು ನೋಡು. ಅದ ಮೇನ್ ಪಾಯಿಂಟ್."

"ಎಲ್ಲಿಮಟಾ ನೋಡ್ಬೇಕು?"

"ಅವ್ರು ಮಾತಾಡೂಮಟಾ."

ನಾನು ಒಪ್ಪಿಕೊಂಡೆ. ನಿಯಮ ಸ್ಪಷ್ಟವಾಗಿದ್ದರೆ ನನಗೆ ಯಾವ ಕೆಲಸವೂ ಕಷ್ಟವಲ್ಲ. ನನಗೆ ಗೊತ್ತಿದ್ದ ನೋಟ ಒಂದೇ, ಆಯಿ ಕಲಿಸಿದ್ದು. ಅದನ್ನು ಅಪ್ಪ ಯೋಚಿಸಿರಲಿಲ್ಲ.

ಡಾಕ್ಟರು ಸಣ್ಣ ಕೂದಲಿನ, ತೆಳ್ಳಗಿನ ಹೆಂಗಸು. ನಾನು ಕೈ ಕುಲುಕಿದೆ, ಗುಟೆನ್ ಟಾಗ್ ಎಂದೆ, ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ಅವರ ಎರಡೂ ಕಣ್ಣುಗಳಲ್ಲಿ ದೃಷ್ಟಿ ನೆಟ್ಟೆ. ಅಪ್ಪ ಹೆಬ್ಬೆರಳು ಎತ್ತಿ ಶಭಾಷ್ ಎಂದು ಸನ್ನೆ ಮಾಡಿದ. ಡಾಕ್ಟರು ಮಾತಾಡುತ್ತ ಹೋದರು, ನಾನು ನೋಡುತ್ತ ಹೋದೆ. ರೆಪ್ಪೆ ಬಡಿಯಲಿಲ್ಲ. ಕಣ್ಣಲ್ಲಿ ನೀರು ತುಂಬಿ ಕೆನ್ನೆಯ ಮೇಲೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಅವರು ಕುರ್ಚಿಯನ್ನು ಎಡಕ್ಕೆ ಸರಿಸಿದರು. ನಾನು ಕತ್ತು ತಿರುಗಿಸಿದೆ. ಅವರು ಪೆನ್ ಹುಡುಕುವಂತೆ ಬಗ್ಗಿದರು, ನಾನೂ ಬಗ್ಗಿದೆ. ಆಯಿ ಅಲ್ಲಿದ್ದಿದ್ದರೆ ಹರಸುತ್ತಿದ್ದಳು. ಅಪ್ಪನ ಹೆಬ್ಬೆರಳು ಮೆಲ್ಲಗೆ ಕೆಳಗಿಳಿಯಿತು. ಕಡೆಗೆ ಡಾಕ್ಟರು ಮಾತು ಮರೆತು ನೀರು ಕುಡಿದು, ಇವಳು ಹೀಗೇಕೆ ನೋಡುತ್ತಾಳೆ ಎಂದು ಅವ್ವನನ್ನು ಕೇಳಿದರು. ಅವ್ವ ನನ್ನನ್ನು ಕೇಳಿದಳು.

"ಅಪ್ಪ ಹೇಳ್ಯಾನ, ಅವ್ರು ಮಾತಾಡೂಮಟಾ ನೋಡು ಅಂತ," ಎಂದೆ. "ಅವ್ರು ಮಾತ ನಿಲ್ಲಸವಲ್ರು."

ಅವ್ವ ಬಾಯಿಗೆ ಕೈ ಅಡ್ಡ ಹಿಡಿದಳು, ಆದರೂ ನಗು ಹೊರಗೆ ಬಂದೇಬಂತು. ಸಂಜೆ ಕ್ಲಾಸಿಗೆ ಹೋಗಿ ಕಲಿತಿದ್ದ ಜರ್ಮನ್‌ನಲ್ಲಿ ಅವಳು ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳಿದಳು: ಕೋಚಿಂಗ್, ಆಯಿ, ಲಿಂಗ, ದಾರ ಹಾಕಬಾರದೆಂಬ ನಿಯಮ, ಖಾಲಿ ಅಂಗೈ. ಡಾಕ್ಟರೂ ನಕ್ಕರು. ಅವರ ಭುಜ ಸಡಿಲವಾಯಿತು. ಹಾಗಾದರೆ ಇದು ನಿಮ್ಮ ಸಂಸ್ಕೃತಿಯಲ್ಲಿ ಸಾಮಾನ್ಯ, ನಾವು ಸುಮ್ಮನೆ ಗಾಬರಿಪಟ್ಟೆವೋ ಏನೋ ಎಂದರು. ಅಪ್ಪನಿಗೆ ಅಷ್ಟರಲ್ಲಿ ಕುಲ್ಟೂರ್ ಎಂಬ ಒಂದು ಪದ ಅರ್ಥವಾಯಿತು. "ಯೆಸ್, ಯೆಸ್, ಕಲ್ಚರ್!" ಎಂದು ಕುರ್ಚಿಯ ತುದಿಗೆ ಬಂದ. ಬಾಗಿಲು ತೆರೆದಿತ್ತು. ಅವ್ವ ಒಂದು ಸಲ ತಲೆ ಆಡಿಸಿದ್ದರೆ ಮೂವರೂ ಆರಾಮಾಗಿ ಮನೆಗೆ ಹೋಗಬಹುದಿತ್ತು.

"ನೈನ್," ಎಂದಳು ಅವ್ವ. ಇಲ್ಲ.

ಆಮೇಲೆ ಜರ್ಮನ್‌ನಲ್ಲಿ ಎರಡು ಪುಟ್ಟ ವಾಕ್ಯ ಹೇಳಿದಳು. ಡಾಕ್ಟರು ಪೆನ್ ಕೆಳಗಿಟ್ಟರು. ಅಪ್ಪ ಒಬ್ಬರಾದ ಮೇಲೊಬ್ಬರ ಮುಖ ನೋಡಿದ.

"ಏನಂದಿ? ಅವರಿಗೆ ಏನಂದಿ?"

"ನಮ್ಮ ಮಂದ್ಯಾಗೂ ಇಕಿ ಬ್ಯಾರೇನ ಅದಾಳ ಅಂದೆ," ಎಂದಳು ಅವ್ವ, ಅಪ್ಪನ ಕಡೆ ತಿರುಗಿ. "ಬ್ಯಾರೆ ಅದಾಳ, ಕಡಿಮಿ ಅಲ್ಲ ಅಂದೆ."

ಅಪ್ಪ ಕುರ್ಚಿಯಲ್ಲಿ ಹಿಂದೆ ಸರಿದು, ಬಹಳ ಹೊತ್ತು ನನ್ನನ್ನೇ ನೋಡುತ್ತ ಕೂತ.

ಡಾಕ್ಟರು ಒಂದೇ ಸಲಕ್ಕೆ ತೀರ್ಪು ಕೊಡಲಿಲ್ಲ. ಮತ್ತೆ ಮತ್ತೆ ಕರೆಸಿ ಆಟ ಆಡಿಸಿದರು, ಕಥೆ ಹೇಳಿಸಿದರು. ಕಡೆಗೆ ಅವರು ಹೇಳಿದ್ದನ್ನು ಅವ್ವ ನಾನು ದೊಡ್ಡವಳಾದ ಮೇಲೂ ಆಗಾಗ ನೆನಪಿಸುತ್ತಿದ್ದಳು. ವಿಚಿತ್ರ ಎನ್ನುವುದು ಹೊರಗೆ ನಿಂತು ನೋಡುವವರ ಮಾತು. ಮಗುವಿಗೆ ಒಳಗೆ ಸದ್ದು, ಸ್ಪರ್ಶ, ಬದಲಾವಣೆ ಹೇಗೆ ತಟ್ಟುತ್ತವೆ ಎಂಬುದು ಬೇರೆ ಮಾತು. ವಿಚಿತ್ರವಾಗಿರುವ ಎಲ್ಲ ಮಕ್ಕಳಿಗೂ ಆಟಿಸಂ ಇರುವುದಿಲ್ಲ, ಈ ಮಗುವಿಗೆ ಇದೆ. ಅದು ಸರಿ ಎಂದು ನನಗೂ ಅನಿಸುತ್ತದೆ. ನೆಲಮಾಳಿಗೆಯ ವಾಷಿಂಗ್ ಮಶೀನಿನ ಮುಂದೆ ಕೂತು "ತಿರುಗಿ ತಿರುಗಿ ಸಾಕಾತಿಲ್ಲೇನ ನಿನಗ" ಎಂದು ಅದನ್ನು ಮಾತಾಡಿಸುತ್ತಿದ್ದ ಆಯಿ ನನಗಿಂತ ವಿಚಿತ್ರ. ಅವಳಿಗೆ ಯಾವ ಆಟಿಸಮ್ಮೂ ಇರಲಿಲ್ಲ. ಅವಳ ಪೂಜೆಯಿಂದ ನಾನು ಹೀಗಾಗಲಿಲ್ಲ. ನಾನು ಹೀಗಿದ್ದೆ, ಅದಕ್ಕೇ ಆ ಪೂಜೆ ನನಗೆ ಅಷ್ಟು ಒಗ್ಗಿತು. ಎರಡೂ ನನ್ನವೇ. ಈಗ ಯಾರಾದರೂ ಕೇಳಿದರೆ ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತೇನೆ, ಹೆಮ್ಮೆಯಿಂದಲೇ ಹೇಳುತ್ತೇನೆ.

ಎಲ್ಲರ ಸಾಲಿಗೇ ಹೋಗಲಿ, ಗೋಡೆಯ ಪಕ್ಕದ ಜಾಗ ಕೊಡಿ, ಗದ್ದಲ ಹೆಚ್ಚಾದರೆ ಹೊರಗೆ ಹೋಗಿ ಕೂರಲು ಬಿಡಿ ಎಂದು ಡಾಕ್ಟರು ಬರೆದುಕೊಟ್ಟರು. ಅವ್ವ ನಿಜ ಹೇಳದಿದ್ದರೆ ಅಷ್ಟನ್ನೂ ಯಾರೂ ಕೊಡುತ್ತಿರಲಿಲ್ಲ. ವೀಸಾ ಮುಗಿದು ಆಯಿ ಊರಿಗೆ ಹೋದಳು. ಅದಾದ ಮೇಲೆ ನಮ್ಮ ಮನೆಯಲ್ಲಿ ಒಂದು ಹೊಸ ಸದ್ದು ಶುರುವಾಯಿತು. ಅಪ್ಪ ಬೆಳಿಗ್ಗೆ ಗಡ್ಡ ಕೆರೆಯುವಾಗ ಕನ್ನಡಿಯ ಮುಂದೆ ಜರ್ಮನ್‌ನಲ್ಲಿ ಏನೋ ಗೊಣಗುತ್ತಿದ್ದ. ನಡುವೆ ತಡವರಿಸಿದರೆ ನಾಲಿಗೆ ಕಚ್ಚಿಕೊಂಡು ಮೊದಲಿನಿಂದ ಹೇಳುತ್ತಿದ್ದ. ನಾನು ಬಾಗಿಲ ಹೊರಗಿನಿಂದ ತಿದ್ದುತ್ತಿದ್ದೆ. ಯಾರಿಗೆ ಹೇಳುವುದು ಎಂದು ಕೇಳಿದರೆ, "ಸುಮ್ನ ಕಲಿಯಾಕತ್ತೀನಿ" ಎನ್ನುತ್ತಿದ್ದ.

ಸಾಲಿ ಶುರುವಾದ ದಿನ ಮಕ್ಕಳೆಲ್ಲ ಅಲ್ಲಿಯ ರೂಢಿಯಂತೆ ಮಿಠಾಯಿ ತುಂಬಿದ ದೊಡ್ಡ ಕಾಗದದ ಕೋನ್ ಹಿಡಿದು ಅಂಗಳದಲ್ಲಿ ನಿಂತಿದ್ದರು. ಕ್ಲಾಸ್ ಟೀಚರ್ ಬಾಗಿಲಲ್ಲಿ ಒಬ್ಬೊಬ್ಬರ ಕೈ ಕುಲುಕಿ ಒಳಗೆ ಬಿಡುತ್ತಿದ್ದರು. ನನ್ನ ಸರದಿ ಬಂತು. ಸುತ್ತ ಅಷ್ಟು ಜನ, ಅಷ್ಟು ಸದ್ದು. ನನ್ನ ಕೈ ಮೇಲೇಳಲಿಲ್ಲ, ಕಣ್ಣು ಅವರ ಬೂಟಿನ ಮೇಲಿತ್ತು. ಹಿಂದೆ ಇಂಥ ಹೊತ್ತಿನಲ್ಲೆಲ್ಲ ಅಪ್ಪ ನನ್ನ ಬೆನ್ನಿಗೆ ತಿವಿಯುತ್ತಿದ್ದ. ಆ ದಿನ ತಿವಿಯಲಿಲ್ಲ. ಮುಂದೆ ಬಂದು, ನನಗೆಂದು ಚಾಚಿದ್ದ ಟೀಚರ ಕೈಯನ್ನು ತಾನು ಹಿಡಿದುಕೊಂಡ. ಹಿಂದಿನ ಸಾಲಿನ ತಂದೆತಾಯಿಯರಿಗೂ ಕೇಳುವಷ್ಟು ಗಟ್ಟಿಯಾಗಿ, ಇವಳು ನನ್ನ ಮಗಳು, ಇವಳು ಬೇರೆ, ಕಡಿಮೆಯಲ್ಲ ಎಂದು ಜರ್ಮನ್‌ನಲ್ಲಿ ಹೇಳಿದ. ಟೀಚರ್ ತಲೆದೂಗಿ ದಾರಿ ಬಿಟ್ಟರು. ನಾನು ಒಳಗೆ ಹೋಗುತ್ತ ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡೆ. ಒಂದು ತಪ್ಪೂ ಇರಲಿಲ್ಲ. ಹುಡುಕಿ ನೋಡಿದ್ದೆ.